ಕಾಯುವವನು ನುಗ್ಗಬಲ್ಲನೇ?

ಆಟವನ್ನು ಕಲಿಸುವವರಲ್ಲಿ ಎರಡು ಪಂಗಡಗಳುಂಟು. ಮೊದಲನೆಯವರು ಗೆಲ್ಲುವುದಕ್ಕಾಗಿ ಆಡಿಸುವವರು. ಎರಡನೆಯವರು ಸೋಲದಿರುವುದಕ್ಕಾಗಿ ಆಡಿಸುವವರು. ಮೇಲ್ನೋಟಕ್ಕೆ ಇವೆರಡೂ ಒಂದೇ ಎಂದು ತೋರಿದರೂ ಕಾಲ್ಚೆಂಡಿನ ಮೈದಾನದಲ್ಲಿ ಇವುಗಳಿಗೆ ಅಜಗಜಾಂತರವಿದೆ. ಒಬ್ಬನು ತನ್ನ ಹುಡುಗರನ್ನು ಎದುರಾಳಿಯ ಗೋಲಿನತ್ತ ಅಟ್ಟುತ್ತಾನೆ. ಇನ್ನೊಬ್ಬನು ತನ್ನ ಗೋಲಿನ ಮುಂದೆ ಅವರನ್ನು ಸಾಲಾಗಿ ನಿಲ್ಲಿಸಿ, ಎದುರಾಳಿ ಎಡವುವ ಗಳಿಗೆಗಾಗಿ ಕಾಯುತ್ತಾನೆ. ಈ ಎರಡನೆಯವನು ಎಂದಾದರೂ ಮೊದಲನೆಯವನಾಗಬಲ್ಲನೇ? "ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ಮುಂದಿಟ್ಟು, ಆಗದು ಎನ್ನುವವರೇ ನನ್ನ ಮಿತ್ರರಲ್ಲಿ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ಆಗಬಲ್ಲ, ಆದರೆ ತಾನೊಬ್ಬನೇ ಆಗಲಾರ ಎಂಬುದು ನನ್ನ ವಾದ.

ಕಾಯುವ ಆಟವನ್ನು ಹೇಡಿತನವೆಂದು ಹೀಗಳೆಯುವುದು ಸುಲಭ. ನಮ್ಮ ಸೀಮೆಯ ಬೇಸಾಯವನ್ನು ನೋಡಿದವರು ಹಾಗೆ ಅವಸರಪಡಲಾರರು. ನಾಗಮಂಗಲದ ಕಡೆ ಮಳೆಯನ್ನೇ ನಂಬಿದ ಹೊಲದ ರೈತ ರಾಗಿ, ಹುರುಳಿ ಬಿತ್ತುತ್ತಾನೆ. ಪಾಂಡವಪುರದ ನಾಲೆಯ ಬಯಲಿನ ರೈತ ಭತ್ತ, ಕಬ್ಬು ಹಾಕುತ್ತಾನೆ. ಮೊದಲನೆಯವನು ಅಂಜುಬುರುಕ, ಎರಡನೆಯವನು ಧೀರ ಎಂದು ಯಾರಾದರೂ ಹೇಳಿಯಾರೇ? ಇಬ್ಬರೂ ತಮಗಿರುವ ನೀರನ್ನು ಅಳೆದು ಬಿತ್ತಿದವರು. ಕನ್ನಂಬಾಡಿ ಕಟ್ಟೆ ಮುಗಿದು, ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಅಂದಿನ ಇರ್ವಿನ್ ನಾಲೆಯಲ್ಲಿ ನೀರು ಹರಿದಾಗ, ತಲೆತಲಾಂತರದಿಂದ ರಾಗಿ ಬೆಳೆದ ಕೈಗಳೇ ಕಬ್ಬು ನೆಟ್ಟವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರೈತನ ಹುಟ್ಟುಗುಣವೇನೂ ಬದಲಾಗಲಿಲ್ಲ, ನೀರು ಬಂತು. ಕಾಯುವ ತರಬೇತುದಾರನ ವಿಷಯವೂ ಹೀಗೆಯೇ ಎಂದು ನನ್ನ ತಿಳಿವಳಿಕೆ. ಅವನ ಎಚ್ಚರಿಕೆ ರಕ್ತದಿಂದ ಬಂದದ್ದಲ್ಲ, ಲೆಕ್ಕದಿಂದ ಬಂದದ್ದು.

ಇದಕ್ಕೆ ನಮ್ಮ ನಾಡಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವನ್ನು 2016ರಿಂದ 2018ರವರೆಗೆ ಸ್ಪೇನಿನ ಆಲ್ಬರ್ಟ್ ರೋಕಾ ನಡೆಸಿದರು. ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಮುನ್ನುಗ್ಗುವುದು ಅವರ ಪದ್ಧತಿ. 2017–18ರ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡವು 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು. ಆದರೆ 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, ತನ್ನ ಜನರ ಕಣ್ಣೆದುರಿನಲ್ಲೇ, ಫೈನಲ್ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ 3–2ರಿಂದ ಸೋತಿತು. ಚೆನ್ನೈಯಿನ್ನರ ಮೂರು ಗೋಲುಗಳಲ್ಲಿ ಎರಡು ಕಾರ್ನರ್ ಕಿಕ್ಕಿನಿಂದ ಬಂದವು. ಎರಡನ್ನೂ ಮೈಲ್ಸನ್ ಎಂಬ ರಕ್ಷಣಾ ಆಟಗಾರ ತಲೆಯಿಂದ ಹೊಡೆದ.

ರೋಕಾ ಹೊರಟ ಮೇಲೆ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ತಂಡದ ಹೊಣೆ ಹೊತ್ತರು. ಇವರು ಬಾರ್ಸಿಲೋನಾ ಕ್ಲಬ್ಬಿನ ಎಳೆಯರ ತಂಡಗಳಲ್ಲಿ ಬೆಳೆದವರು. ಎಂದರೆ ನುಗ್ಗುವ ಶಾಲೆಯಲ್ಲೇ ಅಕ್ಷರಾಭ್ಯಾಸ ಮಾಡಿದವರು. ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಇವರ ತಂಡ ಗೋವಾ ತಂಡವನ್ನು 1–0ರಿಂದ ಸೋಲಿಸಿ ಲೀಗನ್ನು ಗೆದ್ದಿತು. ಆ ವರ್ಷ ಅತ್ಯಂತ ಹೆಚ್ಚು ಗೋಲು ಹೊಡೆದಿದ್ದ ಗೋವಾ ತಂಡವನ್ನು 116 ನಿಮಿಷ ತಡೆದು ನಿಲ್ಲಿಸಿ, 117ನೆಯ ನಿಮಿಷದಲ್ಲಿ ಒಂದು ಕಾರ್ನರ್ ಕಿಕ್ಕಿಗೆ ರಾಹುಲ್ ಭೇಕೆ ತಲೆಯೊಡ್ಡಿದರು. ಯಾವುದರಿಂದ ಸೋತಿದ್ದರೋ ಅದರಿಂದಲೇ ಗೆದ್ದರು. ಲೆಕ್ಕ ಬಲ್ಲವರ ಗೆಲುವೆಂದರೆ ಇದು.

ಮರುವರ್ಷ ಗೋಲು ಹೊಡೆಯುವ ಮಿಕು ತಂಡದಲ್ಲಿರಲಿಲ್ಲ. ಹಿಂದಿನ ವರ್ಷ ಲೀಗಿನ 18 ಪಂದ್ಯಗಳಲ್ಲಿ 29 ಗೋಲು ಹೊಡೆದು 22 ಬಿಟ್ಟುಕೊಟ್ಟಿದ್ದ ತಂಡ, ಈಗ 22 ಹೊಡೆದು 13 ಮಾತ್ರ ಬಿಟ್ಟುಕೊಟ್ಟಿತು. ನೀರು ಕಡಮೆಯಾಯಿತು, ರೈತ ರಾಗಿಗೆ ತಿರುಗಿದ. ಅದಕ್ಕೂ ಮುಂದಿನ ಸಾಲಿನಲ್ಲಿ ಸತತವಾಗಿ ಮೂರು ಪಂದ್ಯಗಳನ್ನು ಸೋತಾಗ, 2021ರ ಜನವರಿಯಲ್ಲಿ ಕ್ಲಬ್ಬೂ ಅವರೂ ಬೇರೆಯಾದರು.

ನನ್ನ ಮಿತ್ರರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತಾರೆ. "ನುಗ್ಗುವವನು ಕಾಯುವವನಾದದ್ದಕ್ಕೆ ಇದು ಸಾಕ್ಷಿಯಾಯಿತೇ ಹೊರತು, ಕಾಯುವವನು ನುಗ್ಗುವವನಾದದ್ದಕ್ಕಲ್ಲ. ಇಳಿಜಾರಿನಲ್ಲಿ ಯಾರು ಬೇಕಾದರೂ ಇಳಿದಾರು, ಏರಿದವರನ್ನು ತೋರಿಸು" ಎನ್ನುತ್ತಾರೆ. ನ್ಯಾಯವಾದ ಆಕ್ಷೇಪ. ಹುಟ್ಟುಗುಣವೆಂಬ ಮಾತು ಇಷ್ಟರಿಂದಲೇ ಸಡಿಲವಾಯಿತಾದರೂ, ಏರಿದವರನ್ನೂ ತೋರಿಸುವುದು ನನ್ನ ಕರ್ತವ್ಯ.

ಪೋರ್ಚುಗಲ್ಲಿನ ಜೋಸ್ ಮೊರಿನ್ಯೊ ಅವರನ್ನು ನೋಡಿ. 2010ರ ಏಪ್ರಿಲಿನಲ್ಲಿ ಅವರ ಇಂಟರ್ ತಂಡ ಬಾರ್ಸಿಲೋನಾದ ಮೈದಾನದಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಹತ್ತೇ ಜನರಿಂದ ಗೋಲನ್ನು ಕಾಯ್ದು, ಆ ಪಂದ್ಯವನ್ನು 1–0ರಿಂದ ಸೋತರೂ ಮೊದಲ ಪಂದ್ಯದ ಮುನ್ನಡೆಯ ಬಲದಿಂದ ಯೂರೋಪಿನ ಫೈನಲ್ ತಲಪಿತು. ಕಾಯುವ ಕಲೆಯ ಪರಾಕಾಷ್ಠೆ ಅದು. ಎರಡೇ ವರ್ಷದಲ್ಲಿ, 2011–12ರ ಸ್ಪೇನಿನ ಲೀಗಿನಲ್ಲಿ, ಅದೇ ಮನುಷ್ಯನ ರಿಯಲ್ ಮ್ಯಾಡ್ರಿಡ್ ತಂಡ 38 ಪಂದ್ಯಗಳಲ್ಲಿ 121 ಗೋಲು ಹೊಡೆದು 100 ಅಂಕ ಗಳಿಸಿತು. ಮನುಷ್ಯ ಅವನೇ, ಕೈಗೆ ಸಿಕ್ಕ ಆಟಗಾರರು ಬೇರೆ.

ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಕಾಲ್ಚೆಂಡನ್ನು ಬಿಟ್ಟು ಕ್ರಿಕೆಟ್ಟಿಗೆ ಬಂದರೆ ನಮ್ಮ ರಾಹುಲ್ ದ್ರಾವಿಡರೇ ಇದ್ದಾರೆ. ಟೆಸ್ಟ್ ಪಂದ್ಯಗಳಲ್ಲಿ 31,258 ಚೆಂಡುಗಳನ್ನು ಎದುರಿಸಿ, 'ಗೋಡೆ' ಎಂದೇ ಹೆಸರಾದವರು. ಅವರು ಭಾರತ ತಂಡದ ತರಬೇತುದಾರರಾಗಿದ್ದಾಗ, 2022ರ ನವೆಂಬರಿನಲ್ಲಿ, ಟಿ–20 ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ತಂಡ ಅಳುಕುತ್ತ ಆಡಿ 168 ರನ್ನು ಮಾಡಿತು. ಇಂಗ್ಲೆಂಡ್ ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ 16 ಓವರುಗಳಲ್ಲಿ ಅದನ್ನು ದಾಟಿತು. ಅನಂತರ ನಾಯಕ ರೋಹಿತ್ ಶರ್ಮರೊಡನೆ ಸೇರಿ ಅದೇ 'ಗೋಡೆ' ಮೊದಲ ಚೆಂಡಿನಿಂದಲೇ ಹೊಡೆಯುವ ಆಟಕ್ಕೆ ಬಾಗಿಲು ತೆರೆಯಿತು. 2023ರ ವಿಶ್ವಕಪ್ಪಿನಲ್ಲಿ ಸತತ ಹತ್ತು ಪಂದ್ಯಗಳನ್ನು ಗೆದ್ದು ಫೈನಲ್ಲಿನಲ್ಲಿ ಸೋತರೂ ದಾರಿಯನ್ನು ಬಿಡಲಿಲ್ಲ. 2024ರ ಜೂನ್ 29ರಂದು ಟಿ–20 ವಿಶ್ವಕಪ್ ಕೈಗೆ ಬಂತು. ಗಮನಿಸಬೇಕಾದ ಮಾತೊಂದಿದೆ: ಆ ಕೊನೆಯ ಪಂದ್ಯದಲ್ಲಿ 34 ರನ್ನಿಗೆ ಮೂರು ವಿಕೆಟ್ಟು ಬಿದ್ದಾಗ, ಕೊಹ್ಲಿ ಹಳೆಯ ರೀತಿಯಲ್ಲೇ ನಿಂತು ಆಟವನ್ನು ಕಟ್ಟಿದರು. ನುಗ್ಗಲು ಕಲಿತವನು ಕಾಯುವುದನ್ನು ಮರೆಯಬೇಕೆಂದಿಲ್ಲ.

ಇತಿಹಾಸ ಓದುವ ನಮ್ಮಂಥವರಿಗೆ ಶ್ರೀರಂಗಪಟ್ಟಣದ ಕೋಟೆಯೇ ಇದನ್ನು ಹೇಳುತ್ತದೆ. 1771ರಲ್ಲಿ ಪಾಂಡವಪುರದ ಬಳಿಯ ಚಿನಕುರಳಿಯಲ್ಲಿ ಮರಾಠರಿಂದ ಸೋಲುಂಡ ಹೈದರಾಲಿ, ಉಳಿದ ದಂಡನ್ನು ಕಟ್ಟಿಕೊಂಡು ಈ ಕೋಟೆಯೊಳಗೆ ಸೇರಿ ಬಾಗಿಲು ಹಾಕಿಕೊಂಡ. ಅಂದು ಅದೇ ವಿವೇಕ. ಆದರೆ ಅಲ್ಲೇ ಕೂತಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಬಲವನ್ನು ಕೂಡಿಸಿಕೊಂಡು 1780ರಲ್ಲಿ ಕರ್ನಾಟಿಕ್ ಪ್ರಾಂತದ ಮೇಲೆ ಏರಿಹೋದ. ಪೊಳ್ಳಿಲೂರಿನಲ್ಲಿ ಇಂಗ್ಲಿಷರ ದಂಡು ಮುರಿಯಿತು. ಗೋಡೆಯನ್ನು ಮಾತ್ರ ನಂಬಿದರೆ ಏನಾಗುವುದೆಂಬುದಕ್ಕೆ 1799ರ ಮೇ 4ರ ದಿನವೂ ಅದೇ ಕೋಟೆಯಲ್ಲೇ ಉಂಟು.

ಹೀಗಾಗಿ, ಬದಲಾವಣೆ ಸಾಧ್ಯವೇ ಎಂಬ ಪ್ರಶ್ನೆಗಿಂತ, ಅದಕ್ಕೆ ಬೇಕಾದುದೇನು ಎಂಬ ಪ್ರಶ್ನೆ ದೊಡ್ಡದು. ನನಗೆ ಕಾಣುವ ಮಟ್ಟಿಗೆ ಮೂರು ಬೇಕು. ಮೊದಲನೆಯದು, ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳಬಲ್ಲ ಆಟಗಾರರು. ಎರಡನೆಯದು, ಅಭ್ಯಾಸಕ್ಕೆ ಕಾಲ. ರಕ್ಷಣೆಯನ್ನು ಬೇಗ ಕಲಿಸಬಹುದು, ಏಕೆಂದರೆ ಅಲ್ಲಿ ಪ್ರತಿಯೊಬ್ಬನೂ ತನ್ನ ಜಾಗವನ್ನು ಕಾಯ್ದರೆ ಸಾಕು. ಆಕ್ರಮಣದಲ್ಲಿ ಹನ್ನೊಂದು ಜನರೂ ಒಬ್ಬರ ಮನಸ್ಸನ್ನೊಬ್ಬರು ಅರಿಯಬೇಕು. ಮೂರನೆಯದು, ಸೋಲನ್ನು ಸೈರಿಸುವ ಜನ. ಈ ಮೂರನೆಯದೇ ನಮ್ಮಲ್ಲಿ ದುರ್ಲಭ. ಕ್ವಾಡ್ರಾಟರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ, 2024ರ ಜನವರಿಯಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ, ಆ ಕ್ಲಬ್ಬಿಗೆ ಹನ್ನೆರಡು ವರ್ಷಗಳ ಮೇಲೆ ರಾಷ್ಟ್ರಮಟ್ಟದ ಕಪ್ಪೊಂದನ್ನು ತಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯ ಸೋತರು. ತಿಂಗಳು ಮುಗಿಯುವುದರೊಳಗೆ ಸ್ಥಾನ ಬಿಟ್ಟರು. ಮೂರು ಸೋಲಿಗೆ ಮನೆಗೆ ಹೋಗಬೇಕಾದವನು ಹೊಸ ಪ್ರಯೋಗಕ್ಕೆ ಕೈ ಹಾಕುವುದಾದರೂ ಹೇಗೆ?

ದೊಡ್ಡ ಕ್ಲಬ್ಬುಗಳ ಮಾತು ಹಾಗಿರಲಿ. ನಮ್ಮ ಕಾಲೇಜಿಗೆ ಬರೋಣ. ನಮ್ಮ ತಂಡದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳ ಹುಡುಗರಿದ್ದಾರೆ. ಕಬಡ್ಡಿ, ವಾಲಿಬಾಲುಗಳಲ್ಲಿ ಬೆಳೆದು ಬಂದ ಇವರಲ್ಲಿ ಅನೇಕರು ಕಾಲ್ಚೆಂಡನ್ನು ಮುಟ್ಟಿದ್ದೇ ಕಾಲೇಜಿಗೆ ಬಂದ ಮೇಲೆ. ತರಗತಿ ಮುಗಿದು ಊರಿನ ಬಸ್ಸು ಹಿಡಿಯುವುದರೊಳಗೆ ಅಭ್ಯಾಸಕ್ಕೆ ಸಿಗುವುದು ಮುಕ್ಕಾಲು ಗಂಟೆ. ಇಂಥ ಹುಡುಗರಿಗೆ "ಚೆಂಡು ಬಂದರೆ ದೂರಕ್ಕೆ ಹೊಡೆಯಿರಿ, ಗೋಲಿನ ಮುಂದೆ ನಿಲ್ಲಿರಿ" ಎಂದು ನಮ್ಮ ದೈಹಿಕ ಶಿಕ್ಷಣದ ಮೇಷ್ಟರು ಹೇಳಿಕೊಟ್ಟರೆ ಅವರನ್ನು ದೂರುವುದು ನ್ಯಾಯವೇ? ಎರಡು ವರ್ಷ ಬ್ಯಾಕ್ ಸ್ಥಾನದಲ್ಲಿ ಆಡಿದ ನನಗೆ ಆ ಪಾಠದ ಬೆಲೆ ಗೊತ್ತು. ಆರೇಳು ಗೋಲುಗಳಿಂದ ಸೋಲುತ್ತಿದ್ದ ತಂಡ ಈಗ ಸೊನ್ನೆ–ಸೊನ್ನೆಯಲ್ಲಿ ಪಂದ್ಯ ಮುಗಿಸುತ್ತದೆ. ಆದರೆ ಸೊನ್ನೆಯೇ ನಮ್ಮ ಗುರಿಯಾಗಿ ಉಳಿದರೆ, ನಾವು ಇಲ್ಲಿಂದ ಕಲಿತು ಹೋಗುವುದು ತಪ್ಪಿಸಿಕೊಳ್ಳುವುದನ್ನೇ. ಪದವಿ ಪಡೆದು ಹೊರಗೆ ಹೋಗುವ ಹಳ್ಳಿಯ ಹುಡುಗನಿಗೆ, ಮುಂದೆ ಹೆಜ್ಜೆಯಿಡುವ ಧೈರ್ಯ ಅಂಕಪಟ್ಟಿಯಷ್ಟೇ ಅಗತ್ಯ.

ಮೇಷ್ಟರು ಬದಲಾಗಬೇಕೆಂದು ಗೇಲಿ ಮಾಡುವ ನಾವು, ಬದಲಾಗಲು ಅವರಿಗೆ ಏನು ಕೊಟ್ಟಿದ್ದೇವೆ? ವಾರಕ್ಕೆ ಎರಡು ದಿನ ಮಧ್ಯಾಹ್ನದ ಕೊನೆಯ ಅವಧಿಯನ್ನು ಅಭ್ಯಾಸಕ್ಕೆ ಬಿಡಬಹುದು. ಮೊದಲ ವರ್ಷದ ಹುಡುಗರನ್ನು ಆರಿಸಿ, ಮೂರು ವರ್ಷವೂ ಒಟ್ಟಿಗೆ ಆಡಿಸಬಹುದು. ಒಂದು ವರ್ಷ ಕಪ್ಪಿನ ಲೆಕ್ಕ ಕೇಳದೆ, ಎಷ್ಟು ಸಲ ಎದುರಾಳಿಯ ಗೋಲಿನವರೆಗೆ ಹೋದಿರಿ ಎಂದು ಮಾತ್ರ ಕೇಳಬಹುದು. ಇವಾವುದಕ್ಕೂ ದೊಡ್ಡ ಹಣ ಬೇಡ. ಇಷ್ಟು ಮಾಡಿದ ಮೇಲೂ ಅವರು ನಮ್ಮನ್ನು ಗೋಲಿನ ಮುಂದೆಯೇ ನಿಲ್ಲಿಸಿದರೆ, ಆಗ ಹುಟ್ಟುಗುಣದ ಗಾದೆಯನ್ನು ನಾನೂ ಒಪ್ಪುತ್ತೇನೆ. ನಾಲೆಯನ್ನೇ ತೋಡದೆ, ಕಬ್ಬು ಬೆಳೆಯಲಿಲ್ಲವೆಂದು ರೈತನನ್ನು ದೂರುವುದನ್ನು ಮಾತ್ರ ಇನ್ನಾದರೂ ನಿಲ್ಲಿಸೋಣ.