ಕುಡಿತದ ಚಿಕಿತ್ಸೆಗೂ ಮಾರ್ಚಿ 31ರ ಗಡುವೇ?

ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷವು ಜುಲೈ 1ರಂದು ಮೊದಲಾಗಿ ಮರುವರ್ಷದ ಜೂನ್ 30ರಂದು ಮುಗಿಯುತ್ತದೆ. ವರ್ಷ ಮುಗಿಯಿತು, ಹೊಸ ಸನ್ನದು ಕೈಸೇರಲಿಲ್ಲ, ಆದುದರಿಂದ ಇನ್ನು ಮೂರು ತಿಂಗಳು ಇಲ್ಲಿ ಮದ್ಯ ದೊರೆಯುವುದಿಲ್ಲವೆಂಬ ಹಲಗೆಯನ್ನು ಅಂಗಡಿಯ ಮುಂದೆ ತೂಗುಹಾಕಿದ್ದನ್ನು ವಾಚಕರಲ್ಲಿ ಯಾರಾದರೂ ಕಂಡಿರುವರೇ? ನಾವಂತೂ ಕಂಡಿಲ್ಲ. ಶುಲ್ಕವನ್ನು ಕಟ್ಟಿಸಿಕೊಂಡು ಸನ್ನದನ್ನು ನವೀಕರಿಸುವುದರಲ್ಲಿ ಸರಕಾರದವರು ತೋರುವ ದಕ್ಷತೆಯು ಪ್ರಶಂಸನೀಯವಾದುದು. ಆದರೆ ಅದೇ ಮದ್ಯಕ್ಕೆ ಸಿಕ್ಕಿ ಕಾಯಿಲೆಬಿದ್ದವನನ್ನು ಗುಣಪಡಿಸತಕ್ಕ ಸೇವೆಯ ವಿಷಯ ಬಂದಾಗ ಈ ದಕ್ಷತೆಯು ಎಲ್ಲಿ ಅಡಗುತ್ತದೆಯೋ ತಿಳಿಯದು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಮುಕ್ತಿ ಕೇಂದ್ರಗಳಿಗೆ ದೊರೆಯುವ ಸಹಾಯಧನವು ವರ್ಷದ ಲೆಕ್ಕದ್ದು. ವರ್ಷವರ್ಷವೂ ಅರ್ಜಿ, ತನಿಖೆ, ಶಿಫಾರಸು, ಆಮೇಲೆ ಕಂತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ದುಡಿಯುವ ಆಪ್ತಸಮಾಲೋಚಕರೂ ದಾದಿಯರೂ ಬಹುಮಟ್ಟಿಗೆ ಗುತ್ತಿಗೆಯವರು. ಮಾರ್ಚಿ 31 ಸಮೀಪಿಸಿತೆಂದರೆ ತಮ್ಮ ಅನ್ನದ ಚಿಂತೆಯೇ ಅವರಿಗೆ ಹೆಚ್ಚಾಗುತ್ತದೆ; ರೋಗಿಯ ಚಿಂತೆ ಎರಡನೆಯದಾಗುತ್ತದೆ. ಅವರನ್ನು ಇದಕ್ಕಾಗಿ ದೂರುವುದು ಸಲ್ಲದು.

ಈ ಏರ್ಪಾಡಿನಿಂದ ಆಗುವ ಹಾನಿಯೇನೆಂಬುದನ್ನು ರಾಜಧಾನಿಯಲ್ಲಿ ಕುಳಿತು ಅಳೆಯಲಾಗದು. ಹನೂರು ತಾಲೂಕಿನ ಅಜ್ಜೀಪುರದಲ್ಲಿ ನಿಂತು ನೋಡಬೇಕು. ಅಲ್ಲಿಯ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ವಯಸ್ಸು ನಲವತ್ತು, ಹದಿನೈದು ವರ್ಷಗಳಿಂದ ದಿನವೂ ಕುಡಿತ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿಗೆಂದು ತಮಿಳುನಾಡಿಗೆ ಹೋಗಿಬಂದವನು. ಹೆಂಡತಿಯ ಕಣ್ಣೀರಿಗೋ ಮಗಳ ಮದುವೆಗೋ ಮನಸ್ಸು ಕರಗಿ, ನಾಳೆಯಿಂದ ಮುಟ್ಟುವುದಿಲ್ಲವೆಂದು ಮಾದಪ್ಪನ ಮೇಲೆ ಆಣೆಯಿಟ್ಟನೆನ್ನಿ. ಆಣೆಯು ಸತ್ಯವಾದುದೇ. ಆದರೆ ಅಷ್ಟು ಕಾಲ ಕುಡಿದ ಶರೀರವು ಆಣೆಯನ್ನು ಕೇಳುವುದಿಲ್ಲ. ಕೆಲವು ಗಂಟೆಗಳೊಳಗೆ ಕೈನಡುಕ. ಒಂದೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಹಿಡಿದು, ಇಲ್ಲದ್ದನ್ನು ಕಂಡು ಕೂಗಾಡುವ ಸ್ಥಿತಿ. ಔಷಧವಿಲ್ಲದಿದ್ದರೆ ಇದರಲ್ಲಿ ಪ್ರಾಣವೇ ಹೋಗಬಹುದು. ಮನೆಯವರು ದೆವ್ವವೆಂದು ಹೆದರುವರು. ಇಲ್ಲವೇ ಒಂದು ಗುಟುಕು ಕುಡಿಸಿ ಸಮಾಧಾನಪಡಿಸುವರು. ಅಲ್ಲಿಗೆ ಆಣೆಯೂ ಮುರಿಯಿತು, ಮಾನವೂ ಹೋಯಿತು.

ಆಸ್ಪತ್ರೆಯಲ್ಲಿ ಒಂದು ವಾರ, ಹತ್ತು ದಿನ ಇಟ್ಟುಕೊಂಡು ಈ ಗಂಡಾಂತರವನ್ನು ದಾಟಿಸುವುದು ವೈದ್ಯರಿಗೆ ಕಠಿನವಲ್ಲ. ಕಠಿನವಾದ ಕೆಲಸವು ಅವನು ಮನೆಗೆ ಬಂದ ಮೇಲೆ ಮೊದಲಾಗುತ್ತದೆ. ಸಂತೆ, ಜಾತ್ರೆ, ಸಾಲಗಾರ, ಹಳೆಯ ಗೆಳೆಯರು, ಎಲ್ಲರೂ ಅಲ್ಲಿಯೇ ಇರುವರು. ವರ್ಷವೊಂದಾದರೂ ತಿಂಗಳಿಗೊಮ್ಮೆ ಒಬ್ಬರು ಅವನನ್ನು ಕಂಡು, ಹೆಸರುಹಿಡಿದು ಕರೆದು, ಮಾತ್ರೆ ನುಂಗುತ್ತಿರುವನೇ, ನಿದ್ದೆ ಬರುತ್ತಿರುವುದೇ, ಮನೆಯವಳೊಡನೆ ಜಗಳವೇ ಎಂದು ವಿಚಾರಿಸಬೇಕು. ಜಾರಿಬಿದ್ದರೆ ಬೈಯದೆ ಮತ್ತೆ ಎತ್ತಿ ನಿಲ್ಲಿಸಬೇಕು. ಆ ಒಬ್ಬರು ಅವರೇ ಆಗಿರಬೇಕೆಂಬುದು ಇದರ ಮರ್ಮ. ತನ್ನ ಮನೆಯ ಗುಟ್ಟನ್ನೆಲ್ಲ ಒಬ್ಬರಿಗೆ ಬಿಚ್ಚಿಹೇಳಿದವನಿಗೆ ಆರನೆಯ ತಿಂಗಳಲ್ಲಿ “ಅವರ ಕರಾರು ಮುಗಿಯಿತು, ಹೊಸಬರು ಬಂದ ಮೇಲೆ ಬನ್ನಿ” ಎಂದರೆ ಅವನು ಹೋಗುವುದೆಲ್ಲಿಗೆಂಬುದು ನಮಗೂ ಗೊತ್ತು, ಕರಾರು ಬರೆದವರಿಗೂ ಗೊತ್ತು.

ಇದರ ಮೇಲೆ ದಾರಿಯ ದೂರ. ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿಲೋಮೀಟರು. ಅಲ್ಲಿಂದ ಚಾಮರಾಜನಗರಕ್ಕೆ ಸುಮಾರು 40. ಎರಡು ಮೂರು ಬಸ್ಸು, ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿಯೂ ನಷ್ಟ. 2018ರ ಡಿಸೆಂಬರಿನಲ್ಲಿ ಇದೇ ಸೀಮೆಯ ಸುಳ್ವಾಡಿಯಲ್ಲಿ ವಿಷಪ್ರಸಾದವನ್ನುಂಡವರನ್ನು ಮೈಸೂರಿನವರೆಗೆ ಸಾಗಿಸಬೇಕಾಯಿತು. ಪ್ರಾಣವೇ ಹೋಗುವ ಹೊತ್ತಿನಲ್ಲಿ ಅಷ್ಟು ದೂರವಾದರೆ, ಕುಡಿತದ ಚಿಕಿತ್ಸೆಗೆಂದು ತಿಂಗಳು ತಿಂಗಳು ಹೋಗಿಬರುವವರು ಯಾರು? 2014ರಿಂದ ಮನೋಚೈತನ್ಯವೆಂಬ ಹೆಸರಿನಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಕ್ರಮವನ್ನು ನಮ್ಮ ರಾಜ್ಯವು ತಂದಿತು. ಬಹಳ ಒಳ್ಳೆಯ ಕ್ರಮ. ಆದರೆ ಒಂದು ಮಂಗಳವಾರ ಬಾಗಿಲು ಮುಚ್ಚಿದ್ದನ್ನು ಕಂಡು ಹಿಂದಿರುಗಿದ ಹಳ್ಳಿಯವನು ಮರುಮಂಗಳವಾರ ಬರುವನೆಂಬ ಭರವಸೆಯಿಲ್ಲ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುವವರು. ಅವರಲ್ಲಿ 5 ಕೋಟಿ 70 ಲಕ್ಷದಷ್ಟು ಜನರಿಗೆ ಅದರ ತೊಂದರೆಗಾಗಿ ಸಹಾಯ ಬೇಕಾಗಿದೆ. ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತೆಂದು ಅದೇ ಸಮೀಕ್ಷೆ ಹೇಳುತ್ತದೆ. ಇದು ದೇಶದ ಲೆಕ್ಕ. ಕಾಡಿನಂಚಿನ ಹಾಡಿಗಳಲ್ಲಿಯೂ ಸೋಲಿಗರ ಪೋಡುಗಳಲ್ಲಿಯೂ ಲೆಕ್ಕ ತೆಗೆದರೆ ಆ ಒಬ್ಬನೂ ಸಿಕ್ಕುವನೋ ಇಲ್ಲವೋ. ಹೊಲದ ನಡುವೆ ಗಾಂಜಾ ಗಿಡ ಹಿಡಿದ ವರ್ತಮಾನವು ಈ ಸೀಮೆಯಿಂದ ಆಗಾಗ ಬರುತ್ತಿರುತ್ತದೆ. ಗಿಡವನ್ನು ಕಿತ್ತು ಮೊಕದ್ದಮೆ ಹೂಡಲು ಪೋಲೀಸರಿದ್ದಾರೆ, ಅದನ್ನು ಸೇದಿ ಕೆಟ್ಟ ಹುಡುಗನನ್ನು ಕೇಳುವವರಿಲ್ಲ.

ಕೊಳ್ಳೇಗಾಲ ಸೀಮೆಯವರಿಗೆ ಅರ್ಧಕ್ಕೆ ನಿಂತ ಕಾರ್ಯದ ಫಲವು ಹೊಸತಲ್ಲ. 1956ರ ನವೆಂಬರ್ 1ರವರೆಗೆ ಈ ಸೀಮೆಯು ಮದರಾಸಿನ ಆಡಳಿತದಲ್ಲಿದ್ದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಮಂತ್ರಿಮಂಡಲವು ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ನೆರೆಯ ಸೇಲಂ ಜಿಲ್ಲೆಯಲ್ಲಿ. ಕಾವೇರಿಯ ಆಚೆಯ ದಡದಲ್ಲಿ ನಿಷೇಧ, ಈಚೆಯ ದಡದಲ್ಲಿ ಅಂಗಡಿ! ಖಜಾನೆಗೆ ತಗಲಿದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ಹಾಕುವ ಧೈರ್ಯವನ್ನೂ ಆ ಮಂತ್ರಿಗಳು ತೋರಿದರು. ಅದೇ ವರ್ಷ ಅವರು ರಾಜೀನಾಮೆಯಿತ್ತ ಮೇಲೆ, ಯುದ್ಧಕಾಲದ ಆಡಳಿತವು ಆ ನಿಷೇಧವನ್ನು ಅಮಾನತಿನಲ್ಲಿಟ್ಟಿತು. ಪ್ರಾಂತವೆಲ್ಲಕ್ಕೂ ಅದು ಮತ್ತೆ ಬಂದದ್ದು 1948ರ ಅಕ್ಟೋಬರ್ 2ರಂದು. ಕಾನೂನು ಬಂದಿತು, ಹೋಯಿತು, ಮತ್ತೆ ಬಂದಿತು. ಕುಡುಕನ ಕೈಹಿಡಿದು ನಡೆಸುವವರು ಮಾತ್ರ ಯಾವ ಕಾಲದಲ್ಲಿಯೂ ಸಾಕಷ್ಟು ಇರಲಿಲ್ಲ. ಮಹಾತ್ಮರು 1941ರಲ್ಲಿ ರಚನಾತ್ಮಕ ಕಾರ್ಯಕ್ರಮವನ್ನು ಕುರಿತು ಬರೆದಾಗ, ಚಟಕ್ಕೆ ಬಿದ್ದವರನ್ನು ಬಿಡಿಸುವ ಉಪಾಯವನ್ನು ವೈದ್ಯರು ಕಂಡುಹಿಡಿಯಬೇಕೆಂದು ಬೇರೆಯಾಗಿಯೇ ಸೂಚಿಸಿದ್ದರು. ಆ ಸೂಚನೆಯನ್ನು ನಾವು ಮರೆತೆವು. 2007ರ ಜುಲೈ 1ರಂದು ಸಾರಾಯಿಯನ್ನು ನಿಲ್ಲಿಸಿದಾಗಲೂ ನೆನೆಯಲಿಲ್ಲ: ಅಂಗಡಿ ಮುಚ್ಚಿದ್ದಷ್ಟೇ, ಬಿಟ್ಟವನಿಗೆ ಹಾಸಿಗೆಯನ್ನು ಯಾವ ತಾಲೂಕೂ ಸಿದ್ಧಪಡಿಸಿರಲಿಲ್ಲ.

ಊರಿನಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದಕ್ಕೆ ನಿದರ್ಶನಗಳುಂಟು. ಮದರಾಸಿನ ಟಿಟಿಕೆ ಆಸ್ಪತ್ರೆಯವರು 1989ರಿಂದ ಕಾವೇರಿಯ ಕೆಳದಂಡೆಯ ಮಂಜಕ್ಕುಡಿಯೆಂಬ ಹಳ್ಳಿಯಲ್ಲಿ ಶಿಬಿರಗಳನ್ನು ನಡೆಸಿದರು. ಸ್ಥಳವನ್ನೂ ಊಟವನ್ನೂ ಊರಿನವರೇ ಒದಗಿಸಿದರು. ವೈದ್ಯರು ರೋಗಿಯ ಬಳಿಗೆ ಬಂದರು. ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಬಹಳ ಊರುಗಳಲ್ಲಿ ನಡೆದಿವೆ. ಶಿಬಿರವು ಒಳ್ಳೆಯ ಆರಂಭ. ಅದರ ಬೆನ್ನಿಗೆ ವೈದ್ಯನೂ ವರ್ಷವಿಡೀ ವಿಚಾರಿಸುವವರೂ ಇರಬೇಕು.

ಇಂಗ್ಲೆಂಡಿನಲ್ಲಿ 2013ರಿಂದ ಈ ಸೇವೆಯ ಹೊಣೆಯು ಸ್ಥಳೀಯ ಕೌನ್ಸಿಲುಗಳ ಮೇಲೆ ಬಿತ್ತು. ಅವು ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು, ಪದೇಪದೇ ಟೆಂಡರು ಕರೆಯುತ್ತ ಹೋದವು. ಪ್ರತಿಸಾರಿಯೂ ಸಿಬ್ಬಂದಿ ಚದರುವುದನ್ನು ಕಂಡ ಅಲ್ಲಿಯ ಸರಕಾರದ ಸಲಹಾ ಮಂಡಳಿಯು, ಗುತ್ತಿಗೆಯ ಅವಧಿ ಐದರಿಂದ ಹತ್ತು ವರ್ಷ ಇರಬೇಕೆಂದು 2017ರಲ್ಲಿ ಶಿಫಾರಸು ಮಾಡಿತು. ಹಣವಂತರ ದೇಶವು ಪೆಟ್ಟು ತಿಂದು ಕಲಿತದ್ದನ್ನು ನಾವು ಪುಕ್ಕಟೆಯಾಗಿ ಕಲಿಯಬಹುದು.

ದೀರ್ಘ ಕರಾರು ಕೊಟ್ಟರೆ ಅಯೋಗ್ಯರು ಬೇರುಬಿಡುವರೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಚಿಕಿತ್ಸೆಯ ಹೆಸರಿನಲ್ಲಿ ಮನುಷ್ಯರನ್ನು ಕೂಡಿಹಾಕಿ ಹೊಡೆಯುವ ಸ್ಥಳಗಳೂ ಈ ದೇಶದಲ್ಲಿ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇಂಥ ಕೇಂದ್ರಗಳಿಗೆ ನೋಂದಣಿಯನ್ನು ಕಡ್ಡಾಯಮಾಡಿದೆ. ನೋಂದಣಿಯಿಲ್ಲದವರಿಗೆ ಒಂದು ದಿನದ ಗುತ್ತಿಗೆಯೂ ಸಲ್ಲದು. ಹಿಂಸೆ ನಡೆದರೆ ಐದನೆಯ ವರ್ಷಕ್ಕೆ ಕಾಯದೆ ಮರುದಿನವೇ ರದ್ದುಪಡಿಸಬೇಕು. ಆದರೆ ಹೊಣೆಗಾರಿಕೆಯಿಂದ ನಡೆಸುವವರನ್ನು ವರ್ಷಕ್ಕೊಮ್ಮೆ ಬಾಗಿಲಲ್ಲಿ ನಿಲ್ಲಿಸಿ ಅಂಗಲಾಚಿಸುವುದಕ್ಕೆ ಮೇಲ್ವಿಚಾರಣೆಯೆಂದು ಹೆಸರಲ್ಲ.

ಹಣವಿಲ್ಲವೆಂಬ ಉತ್ತರವನ್ನಂತೂ ನಾವು ಒಪ್ಪಲಾರೆವು. 2025–26ನೆಯ ಸಾಲಿಗೆ ಅಬಕಾರಿಯಿಂದ ರಾಜ್ಯವು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ನೂರಕ್ಕೆ ಒಂದು ರೂಪಾಯಿಯನ್ನು ತೆಗೆದಿಟ್ಟರೆ 400 ಕೋಟಿ. 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸುಮಾರು 13 ಕೋಟಿ. ಸರಕಾರದ್ದೇ ಸಂಸ್ಥೆಯಾದ ಎಂಎಸ್‌ಐಎಲ್ ಮದ್ಯ ಮಾರುವ ನಾಡಿನಲ್ಲಿ ಇಷ್ಟನ್ನು ಕೇಳುವುದು ಭಿಕ್ಷೆಯಲ್ಲ. ಮದ್ಯಪಾನವನ್ನು ನಿಲ್ಲಿಸಲು ಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ರಾಜ್ಯಕ್ಕೆ ವಿಧಿಸಿದೆ; ಪೂರ್ಣವಾಗಿ ನಿಲ್ಲಿಸಲು ಮನಸ್ಸಿಲ್ಲದವರು ಕೆಟ್ಟವನ ಔಷಧದ ಖರ್ಚನ್ನಾದರೂ ಕೊಡಲಿ.

ಆರೋಗ್ಯವು ಪಂಚಾಯತಿಗಳಿಗೆ ವಹಿಸತಕ್ಕ ವಿಷಯವೆಂದು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿದೆ. ಆದರೆ ಜಿಲ್ಲಾ ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಅಜ್ಜೀಪುರದ ಹೆಣ್ಣುಮಗಳು ತನ್ನ ಗಂಡನ ಚಿಕಿತ್ಸೆ ಏಕೆ ನಿಂತಿತೆಂದು ಕೇಳಬೇಕಾದರೆ ಕೇಳುವುದು ಯಾರನ್ನು? ಸದಸ್ಯನಿದ್ದರೆ ಅವನ ಮನೆಯ ಜಗಲಿಯ ಮೇಲೆ ಕುಳಿತಾದರೂ ಕೇಳಬಹುದಾಗಿತ್ತು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಈಗ ನಡೆಯುತ್ತಿರುವ ಚಿಕಿತ್ಸಾ ಕರಾರುಗಳನ್ನು ಅವಧಿ ಮುಗಿಯುವ ಆರು ತಿಂಗಳಿಗೆ ಮುಂಚೆಯೇ ಪರಿಶೀಲಿಸಿ, ಯೋಗ್ಯವಾದವುಗಳನ್ನು ಐದು ವರ್ಷಕ್ಕೆ ವಿಸ್ತರಿಸಬೇಕು. ಮುಂದಿನ ಕರಾರಿಗೆ ಸಹಿ ಬೀಳುವವರೆಗೆ ಹಳೆಯ ಸಿಬ್ಬಂದಿಗೆ ಸಂಬಳವು ನಿಲ್ಲಬಾರದು. ಹನೂರಿನ ಆಸ್ಪತ್ರೆಯಲ್ಲಿ ಕುಡಿತ ಬಿಡುವವರಿಗೆಂದು ನಾಲ್ಕು ಹಾಸಿಗೆಗಳನ್ನು ಮೀಸಲಿಡಬೇಕು. ಆಪ್ತಸಮಾಲೋಚಕರು ತಿಂಗಳಿಗೆರಡು ಸಾರಿ ಅಜ್ಜೀಪುರಕ್ಕೇ ಬರಬೇಕು. ಆ ದಿನಗಳ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ, ಮದ್ಯದಂಗಡಿಯ ಹಲಗೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು.