ಕಹಿಯಿಲ್ಲ ಎಂಬ ಸರ್ಟಿಫಿಕೇಟು

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಬಗ್ಗೆ ಹೊರನಾಡಿನ ಕನ್ನಡಿಗರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಎರಡು. ಒಂದು, ‘ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತಾರೆ ಮಾರಾಯ್ರೆ.’ ಇನ್ನೊಂದು, ‘ಅಷ್ಟೊಂದು ಕಷ್ಟಪಟ್ಟಿದ್ದರೂ ಎಲ್ಲೂ ಒಂಚೂರು ಕಹಿ ಇಲ್ಲ ನೋಡಿ.’ ಮೊದಲನೆಯದರ ಮೇಲೆ ನನ್ನ ತಕರಾರೇನೂ ಇಲ್ಲ, ಪುಸ್ತಕ ನಗಿಸುವುದು ನಿಜ. ಎರಡನೆಯ ಮಾತು ಕೇಳಿದಾಗ ಮಾತ್ರ ಮೈ ಉರಿಯುತ್ತದೆ. ಮೆಚ್ಚುಗೆಯ ವೇಷ ಹಾಕಿಕೊಂಡು ಬರುವ ಆ ಮಾತಿನಲ್ಲಿ ಪುಸ್ತಕದ ವಿಷಯ ಏನೂ ಇಲ್ಲ. ಓದಿದವರಿಗೆ ಆದ ನೆಮ್ಮದಿ ಮಾತ್ರ ಇದೆ: ಸದ್ಯ, ನಮ್ಮನ್ನು ಬೈಯಲಿಲ್ಲ!

ಓದದವರಿಗೆ ಎರಡು ಮಾತು. ‘ಊರುಕೇರಿ’ ಸಿದ್ಧಲಿಂಗಯ್ಯನವರ ಆತ್ಮಕಥನ. 1990ರ ದಶಕದಲ್ಲಿ ಮೊದಲ ಭಾಗ ಬಂತು, ಆಮೇಲೆ ಮುಂದಿನ ಭಾಗಗಳು. ಹುಟ್ಟಿನಿಂದ ಹಿಡಿದು ಒಂದೇ ಸಮನೆ ಹೇಳಿಕೊಂಡು ಹೋಗುವ ಕಥೆ ಇದಲ್ಲ. ಸಣ್ಣ ಸಣ್ಣ ಪ್ರಸಂಗಗಳು, ಒಂದೊಂದೂ ಹರಟೆಯ ಹಾಗೆ ಬಿಡಿಯಾಗಿ ಓದಿಕೊಳ್ಳಬಹುದಾದವು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯಲ್ಲಿ ಶುರುವಾಗಿ ಬೆಂಗಳೂರಿನ ಶ್ರೀರಾಮಪುರ, ಹಾಸ್ಟೆಲು, ಕಾಲೇಜು, ಭಾಷಣ, ಚಳವಳಿ ಎಂದು ಸಾಗುತ್ತದೆ. ಬರೆದವರು ಯಾರು? 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿ ಕನ್ನಡ ಕಾವ್ಯದ ಕಿವಿ ಹಿಂಡಿದವರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರು. 2021ರ ಜೂನ್‌ನಲ್ಲಿ ಕೋವಿಡ್‌ಗೆ ತೀರಿಕೊಂಡರು. ಅಂಥವರ ಆತ್ಮಕಥನದಲ್ಲಿ ಬೆಂಕಿ ಹುಡುಕಿಕೊಂಡು ಹೋದವರಿಗೆ ಪುಟಪುಟಕ್ಕೂ ನಗು ಸಿಕ್ಕಿತು. ಈ ಆಶ್ಚರ್ಯದಿಂದಲೇ ಹುಟ್ಟಿದ್ದು ‘ಕಹಿಯಿಲ್ಲ’ ಎಂಬ ಸರ್ಟಿಫಿಕೇಟು.

ಕಹಿ ಇಲ್ಲವೇ? ಪುಸ್ತಕದ ಆರಂಭದಲ್ಲೇ ಒಂದು ದೃಶ್ಯವಿದೆ. ಒಬ್ಬ ಪುಟ್ಟ ಹುಡುಗ ಹೊಲದ ಕಡೆ ನೋಡುತ್ತಿದ್ದಾನೆ. ಇಬ್ಬರು ಗಂಡಸರು ಎತ್ತುಗಳ ಹಾಗೆ ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಹಿಂದೆ ಇನ್ನೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ಹುಡುಗನಿಗೆ ಅದು ಮೋಜು. ಮನುಷ್ಯರು ಎತ್ತಾಗಿರುವುದನ್ನು ನೋಡಿದರೆ ಯಾವ ಮಗುವಿಗೆ ತಮಾಷೆ ಅನಿಸುವುದಿಲ್ಲ? ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ.

ಇದನ್ನು ಸಿದ್ಧಲಿಂಗಯ್ಯ ವಿವರಿಸುವುದಿಲ್ಲ. ‘ನೋಡಿ, ಎಂಥ ಅನ್ಯಾಯ’ ಎಂದು ನಮ್ಮ ತೋಳು ಹಿಡಿದು ಅಲ್ಲಾಡಿಸುವುದಿಲ್ಲ. ಹುಡುಗನ ಜೊತೆ ನಾವೂ ನಗಲು ಬಾಯಿ ತೆರೆದಿರುತ್ತೇವೆ, ಆ ತೆರೆದ ಬಾಯಲ್ಲೇ ನಮ್ಮನ್ನು ನಿಲ್ಲಿಸಿ ಅವರು ಮುಂದಿನ ಪ್ರಸಂಗಕ್ಕೆ ಹೋಗಿಬಿಡುತ್ತಾರೆ. ಇಷ್ಟಾದ ಮೇಲೂ ಪುಸ್ತಕ ಮಡಚಿ ಕಹಿ ಇಲ್ಲ ಅನ್ನುವವರ ನಾಲಿಗೆಯ ಬಗ್ಗೆಯೇ ನನಗೆ ಅನುಮಾನ.

ಇನ್ನೊಂದು ಪ್ರಸಂಗ, ಎಲ್ಲರೂ ಹೇಳಿಕೊಂಡು ನಗುವಂಥದ್ದು: ಸ್ಮಶಾನದಲ್ಲಿ ಓದುವುದು. ಶ್ರೀರಾಮಪುರದಲ್ಲಿದ್ದಾಗ ಹುಡುಗ ಸಿದ್ಧಲಿಂಗಯ್ಯ ಹತ್ತಿರದ ಸ್ಮಶಾನಕ್ಕೆ ಹೋಗಿ ಕೂತು ಓದುತ್ತಿದ್ದರು. ನಮ್ಮ ಓದುಗರಿಗೆ ಇದು ದೆವ್ವಕ್ಕೆ ಹೆದರದ ಹುಡುಗನ ಸಾಹಸ, ಚಂದಮಾಮದ ಕಥೆಯ ಹಾಗೆ. ಹುಡುಗನೊಬ್ಬ ಓದಲು ಸ್ಮಶಾನಕ್ಕೆ ಯಾಕೆ ಹೋಗುತ್ತಾನೆ ಎಂದು ಅರೆಗಳಿಗೆ ಯೋಚಿಸಿದರೆ ಆ ಮನೆಯ ಉದ್ದಗಲ ಕಣ್ಣಿಗೆ ಕಟ್ಟುತ್ತದೆ. ಬದುಕಿರುವವರ ನಡುವೆ ಸಿಗದ ಜಾಗ ಸತ್ತವರ ನಡುವೆ ಸಿಕ್ಕಿತು. ನಗು ಇರುವುದೇ ಅಲ್ಲಿ. ಆದರೆ ಅದು ನಾವು ನಗುವ ನಗುವಲ್ಲ.

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಈ ಸರ್ಟಿಫಿಕೇಟನ್ನು ನಾವು ಯಾರ್ಯಾರಿಗೆ ಕೊಡುತ್ತೇವೆ? ಹರಪನಹಳ್ಳಿಯಲ್ಲಿ ಹುಟ್ಟಿ ಬಡತನ ಉಂಡು ಬೆಳೆದ ಬೀಚಿ ‘ನನ್ನ ಭಯಾಗ್ರಫಿ’ ಬರೆದರು. ತಮ್ಮ ಹಸಿವನ್ನೂ ಅವಮಾನವನ್ನೂ ನಗುನಗುತ್ತಲೇ ಹೇಳಿಕೊಂಡರು. ‘ಪರವಾಗಿಲ್ಲ, ಬೀಚಿಗೆ ಕಹಿ ಇರಲಿಲ್ಲ’ ಎಂದು ಯಾರಾದರೂ ಬೆನ್ನು ತಟ್ಟಿದ್ದನ್ನು ನಾನು ಕೇಳಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿ ತೀರದ ತಮ್ಮ ಊರನ್ನು ಪ್ರಬಂಧಗಳಲ್ಲಿ ಬಿಡಿಸಿಟ್ಟರು. ಅವರು ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟಗಾರರು. ‘ಬ್ರಿಟಿಷರ ಮೇಲೆ ನಿಮ್ಮ ಸಿಟ್ಟೆಲ್ಲಿ ಸ್ವಾಮಿ, ಬರೀ ನಗಿಸ್ತಿದೀರಲ್ಲ’ ಎಂದು ಅವರನ್ನೂ ಯಾರೂ ತಡೆದಂತೆ ಕಾಣೆ. ಅವರಿಬ್ಬರ ನಗುವನ್ನು ನಗುವೆಂದೇ ತೆಗೆದುಕೊಂಡೆವು. ಸಿದ್ಧಲಿಂಗಯ್ಯನವರ ನಗುವನ್ನು ಮಾತ್ರ ನಡತೆಯೆಂದು ತಿಳಿದು ಮಾರ್ಕ್ಸ್ ಹಾಕಿದೆವು. ಕೇರಿಯಿಂದ ಬಂದವರು ಮೊದಲು ತಾವು ಅಪಾಯಕಾರಿಗಳಲ್ಲ ಎಂದು ತೋರಿಸಿಕೊಳ್ಳಬೇಕು, ಆಮೇಲೆ ಉಳಿದದ್ದು. ಸರ್ಟಿಫಿಕೇಟು ಕೊಡುವ ಕೌಂಟರು ಒಂದೇ ಇದೆ, ಅದರ ಮುಂದೆ ಕ್ಯೂ ನಿಲ್ಲಬೇಕಾದವರು ಯಾರು ಎಂಬುದೂ ಮೊದಲೇ ಗೊತ್ತಿದೆ.

ಪುಣೆ, ಮುಂಬೈಗಳಲ್ಲಿರುವ ಓದುಗರಿಗೆ ಇದು ಇನ್ನೊಂದು ದಾರಿಯಿಂದ ಬೇಗ ಅರ್ಥವಾಗಬೇಕು. ನಿಮ್ಮ ಆಫೀಸಿನ ಮರಾಠಿ ಗೆಳೆಯರು ಪು.ಲ. ದೇಶಪಾಂಡೆಯವರ ‘ರಾವ್‌ಸಾಹೇಬ್’ ಬಗ್ಗೆ ಹೇಳದೆ ಬಿಟ್ಟಿರಲಾರರು. ಪು.ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಗೆಳೆಯರಾದವರು ಈ ರಾವ್‌ಸಾಹೇಬರು. ಅವರ ಮೇಲಿನ ಬರಹ ‘ಗಣಗೋತ್’ ಸಂಕಲನದಲ್ಲಿದೆ. ಪು.ಲ. ತಾವೇ ಓದಿದ ಧ್ವನಿಮುದ್ರಣವೂ ಮನೆಮನೆಯಲ್ಲಿ ಕೇಳಿಸುತ್ತದೆ. ಕನ್ನಡದ ಎಳೆತ ಹತ್ತಿದ ಮರಾಠಿ, ಲಿಂಗವೆಲ್ಲ ಅದಲುಬದಲು, ಮಾತಿಗೊಂದು ಬೈಗುಳ. ಅಲ್ಲಿಗೆ ಎಲ್ಲರೂ ಹೋ ಎಂದು ನಗುತ್ತಾರೆ. ಆಮೇಲೆ ನಮ್ಮ ಕಡೆ ತಿರುಗಿ, ‘ನೀನೂ ಒಂದ್ಸಲ ರಾವ್‌ಸಾಹೇಬರ ಹಾಗೆ ಮಾತಾಡು ನೋಡೋಣ’ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅನುಮಾನವಿಲ್ಲ. ಆದರೂ ಆ ಗಳಿಗೆಯಲ್ಲಿ ನಮಗೆ ಎಲ್ಲೋ ಚುಳ್ ಅನ್ನುತ್ತದಲ್ಲ? ‘ಪೂರ್ತಿ ಕೇಳಿ ಮಾರಾಯ್ರೇ, ಪು.ಲ. ಅವರನ್ನು ಎಷ್ಟು ಹಚ್ಚಿಕೊಂಡಿದ್ದರು, ಆತ ನಾಟಕ ಸಂಗೀತಕ್ಕೆ ಹೇಗೆ ಜೀವ ಬಿಡುತ್ತಿದ್ದರು, ಕೊನೆಯಲ್ಲಿ ಗೆಳೆಯನನ್ನು ಕಳೆದುಕೊಂಡ ದುಃಖ ಎಂಥದ್ದು, ಅದನ್ನೂ ಕೇಳಿ’ ಎಂದು ಹೇಳಬೇಕೆನಿಸುತ್ತದೆ. ಬಹಳ ಮಂದಿ ಬೈಗುಳದ ಹತ್ತಿರವೇ ನಿಂತುಬಿಟ್ಟಿರುತ್ತಾರೆ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಗೊತ್ತು. ನುಡಿಯ ಎಳೆತಕ್ಕೆ ನಗಿಸಿಕೊಳ್ಳುವುದಕ್ಕೂ ಅಪ್ಪ ನೊಗ ಹೊರುವುದಕ್ಕೂ ಅಜಗಜಾಂತರ. ಆದರೆ ಅರ್ಧ ಓದಿ ನಕ್ಕು ಎದ್ದು ಹೋಗುವವರ ಎದುರು ಕೂತಿರುವುದು ಹೇಗಿರುತ್ತದೆ ಎಂಬುದರ ಒಂದು ಸಣ್ಣ ರುಚಿ ನಮಗೂ ಸಿಕ್ಕಿದೆ, ಅಷ್ಟೇ.

ಹೊರನಾಡ ಕನ್ನಡಿಗರಾದ ನಮ್ಮದೇ ಒಂದು ಕಾಯಿಲೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಹಾಸ್ಯದ ನೆನಪುಗಳ ಪುಸ್ತಕ ಯಾವುದೇ ಇರಲಿ, ನಮಗೆ ಅದು ಊರಿಂದ ಬಂದ ಪಾರ್ಸೆಲ್ಲು. ಬಿಚ್ಚಿದರೆ ಚಕ್ಕುಲಿ ವಾಸನೆ ಬರಬೇಕು. ‘ಓದ್ತಾ ಓದ್ತಾ ನಮ್ಮ ಊರಿಗೇ ಹೋಗಿ ಬಂದ ಹಾಗಾಯ್ತು’ ಅನ್ನುವುದು ನಮ್ಮಲ್ಲಿ ಪುಸ್ತಕವೊಂದಕ್ಕೆ ಸಲ್ಲಿಸಬಹುದಾದ ಅತಿ ದೊಡ್ಡ ಗೌರವ. ‘ಊರುಕೇರಿ’ಗೂ ಇದನ್ನೇ ಹೇಳಿದ್ದನ್ನು ಕೇಳಿದ್ದೇನೆ. ನಾವು ಕೆಲವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಒಂದು ಪುಸ್ತಕ ಓದುತ್ತೇವೆ. ಈ ಪುಸ್ತಕದ ಸರದಿ ಬಂದಾಗ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಅದೇ ಮಾತು ಹೇಳಿದರು, ‘ನಮ್ಮೂರೇ ನೆನಪಾಯ್ತು’ ಅಂತ. ಅವರ ಕಣ್ಣೀರು ಸುಳ್ಳಲ್ಲ. ಆದರೆ ಹೆಸರಿನಲ್ಲೇ ಎರಡು ಜಾಗ ಇವೆಯಲ್ಲ: ಊರು, ಕೇರಿ. ನಡುವೆ ದಾಟಬಾರದ ಒಂದು ಗೆರೆ. ನಮ್ಮ ಹಿರಿಯರು ಹುಟ್ಟಿ ಬೆಳೆದದ್ದು ಆ ಹೆಸರಿನ ಮೊದಲ ಅರ್ಧದಲ್ಲಿ. ಪುಸ್ತಕ ಬರೆದವರು ಎರಡನೆಯ ಅರ್ಧದಿಂದ ಬಂದವರು. ಅರವತ್ತು ವರ್ಷ ಕಾಲಿಡದ ಕೇರಿಯೊಂದರ ನೆನಪು ಅವರಿಗೆ ಎಲ್ಲಿಂದ ಬಂತು? ಗದ್ದೆ, ಮಳೆ, ಹುಣಸೆ ಮರ, ಹುಡುಗಾಟ ಇವಷ್ಟನ್ನು ಆರಿಸಿಕೊಂಡು ಮಿಕ್ಕಿದ್ದನ್ನು ತಟ್ಟೆಯ ಅಂಚಿಗೆ ಸರಿಸಿದರೆ ಯಾರ ಊರಾದರೂ ನಮ್ಮ ಊರೇ.

‘ಇದು ನಮ್ಮ ಮನೆಯ ಕಥೆಯೇ’ ಎಂದು ಒಪ್ಪಿಕೊಳ್ಳುವುದರಲ್ಲಿ ಔದಾರ್ಯ ಇದೆ ಅಂದುಕೊಳ್ಳುತ್ತೇವೆ. ಬೀಚಿಯನ್ನೋ ಗೊರೂರರನ್ನೋ ಓದಿ ಹಾಗಂದರೆ ಇದ್ದೀತು. ಇಲ್ಲಿ ಅದು ಒತ್ತುವರಿ. ಬೇರೆಯವರ ಮನೆಯ ಕಥೆ ಎಂದು ಗೊತ್ತಿದ್ದೂ, ಆ ಮನೆಯ ನೊಗ ನಮ್ಮ ಮನೆಯ ಗದ್ದೆಯದ್ದೇ ಇರಬಹುದು ಎಂದು ಗೊತ್ತಿದ್ದೂ, ಕೂತು ಓದುವುದು ಕಷ್ಟದ ಕೆಲಸ. ‘ನಮ್ಮ ಮನೆಯ ಕಥೆಯೇ’ ಅಂದುಬಿಟ್ಟರೆ ಆ ಕಷ್ಟ ತಪ್ಪುತ್ತದೆ.

ಇನ್ನು ಎದುರು ಪಕ್ಷ. ‘ಹೊಲೆಮಾದಿಗರ ಹಾಡು’ ಬರೆದ ಕವಿಯ ಸಿಟ್ಟು ಎಲ್ಲಿ ಹೋಯಿತು, ವಿಧಾನ ಪರಿಷತ್ತಿಗೆ ಹೋಗಿ ಮೆತ್ತಗಾದರೇ ಎಂದು ಕೇಳುವವರು. ಅವರ ರಾಜಕೀಯದ ಬಗ್ಗೆ ಪ್ರಶ್ನೆಗಳಿದ್ದರೆ ಕೇಳಲಿ, ಸಾರ್ವಜನಿಕ ಬದುಕಿನಲ್ಲಿದ್ದವರಿಗೆ ಅದು ತಪ್ಪದು. ಪುಸ್ತಕದ ನಗುವನ್ನು ಆ ಲೆಕ್ಕಕ್ಕೆ ಜಮಾ ಮಾಡುವುದು ಮಾತ್ರ ಸೋಮಾರಿತನ. ಮರಾಠಿಯಲ್ಲಿ 1978ರಲ್ಲಿ ದಯಾ ಪವಾರರ ‘ಬಲುತ’ ಬಂದಾಗಿನಿಂದ ದಲಿತ ಆತ್ಮಕಥನ ಅಂದರೆ ಹೀಗೇ ಇರಬೇಕು ಎಂಬ ಒಂದು ಅಚ್ಚು ನಮ್ಮ ತಲೆಯಲ್ಲಿ ಕೂತಿದೆ: ಗಾಯ ತೋರಿಸಬೇಕು, ಓದುಗ ತಲೆ ತಗ್ಗಿಸಬೇಕು. ಗಾಯ ತೋರಿಸಿದವರ ಧೈರ್ಯ ದೊಡ್ಡದು. ಆದರೆ ಎಲ್ಲರೂ ಅದನ್ನೇ ತೋರಿಸುತ್ತಿರಲಿ ಎಂದು ಕಾದು ಕೂರುವುದು ಯಾವ ನ್ಯಾಯ? ನಗುವ ಹಕ್ಕು, ತನ್ನನ್ನೇ ಲೇವಡಿ ಮಾಡಿಕೊಳ್ಳುವ ಹಕ್ಕು, ದೆವ್ವ ದೇವರು ಮುಖಂಡರು ಎಲ್ಲರ ಕಾಲೆಳೆಯುವ ಹಕ್ಕು ಕೇರಿಯವರಿಗೆ ಇಲ್ಲವೇ? ಸಿಟ್ಟು ಬೇಕು ಅನ್ನುವವರೂ ಸಿಟ್ಟಿಲ್ಲವೆಂದು ಖುಷಿಪಡುವವರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ‘ಇದರಲ್ಲಿ ನನಗೇನು ಮಾಡಿದಿರಿ?’ ನೊಗದ ಅಪ್ಪ ಇಬ್ಬರಿಗೂ ಕಾಣುವುದಿಲ್ಲ.

ನಮ್ಮ ಗುಂಪಿನಲ್ಲಿ ಅವತ್ತು ಕಲಬುರಗಿ ಕಡೆಯ ಹುಡುಗಿಯೊಬ್ಬಳಿದ್ದಳು. ಕೆಲಸಕ್ಕೆಂದು ಬಂದು ಆರು ತಿಂಗಳಾಗಿತ್ತು. ಎಲ್ಲರೂ ಅವರವರು ನಕ್ಕ ಪ್ರಸಂಗ ಹೇಳುತ್ತಿದ್ದಾಗ ಸುಮ್ಮನೆ ಕೂತಿದ್ದಳು. ಅವಳ ಸರದಿ ಬಂದಾಗ, ‘ನಮ್ಮಪ್ಪ ಇದನ್ನ ಓದಿ ಬಾಳ ನಕ್ಕಿದ್ರಿ. ಆದ್ರ ನೀವ್ಯಾರೂ ನಕ್ಕ ಜಾಗಾದಾಗ ಅಲ್ಲ’ ಅಂದಳು. ಯಾವ ಜಾಗ ಎಂದು ಯಾರೂ ಕೇಳಲಿಲ್ಲ. ಚಹಾ ಬಂತು, ಮುಂದಿನ ತಿಂಗಳು ಯಾವ ಪುಸ್ತಕ ಎಂಬ ಚರ್ಚೆ ಶುರುವಾಯಿತು. ನಾನಾದರೂ ಕೇಳೋಣವೆಂದು ಅವಳು ಹೊರಡುವಾಗ ಲಿಫ್ಟಿನ ತನಕ ಹೋದೆ. ಹಾಸ್ಟೆಲಿನ ಊಟದ ಪ್ರಸಂಗಗಳಂತೆ. ಅವಳಪ್ಪನೂ ಹಾಸ್ಟೆಲಿನಲ್ಲಿ ಓದಿದವರು, ಅಲ್ಲಿ ಹೇಗೆ ಬಡಿಸುತ್ತಿದ್ದರು ಎಂದು ಬಲ್ಲವರು. ‘ನಾವು ಓದೂದಕ್ಕ ಶುರು ಮಾಡಿದ್ರ ಸಾಕ್ರಿ, ಅಪ್ಪ ಮುಂದಿಂದೆಲ್ಲಾ ತಾನs ಹೇಳ್ತಿದ್ದ’ ಅಂದಳು. ಆ ನಗು ಪಾರ್ಸೆಲ್ಲಿನದ್ದಲ್ಲ. ಅದು ಒಟ್ಟಿಗೆ ದುಡಿದವರು ಸಂಜೆ ಕೂತು ನಗುವ ನಗು. ಅದರಲ್ಲಿ ನಮಗೆ ಪಾಲಿಲ್ಲದಿದ್ದರೆ ಪರವಾಗಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬಹುದು.

‘ಊರುಕೇರಿ’ 2003ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಬಂತು. ಕನ್ನಡ ಓದಲು ಬಾರದ ನಮ್ಮ ಮಕ್ಕಳಿಗೆ ಅದೇ ಗತಿ. ದೆಹಲಿಯಲ್ಲಿರುವ ಗೆಳೆಯನ ಮಗಳು, ಒಂಬತ್ತನೇ ಕ್ಲಾಸು, ಅದನ್ನು ಓದುತ್ತಾ ಪುಸ್ತಕದ ಹೆಸರಿಗೆ ಅರ್ಥ ಏನು ಅಂದಳಂತೆ. ಇವನು ಬಿಡಿಸಿ ಹೇಳಿದ. ಅವಳು ಕೇಳಿದಳು, ‘ಅಪ್ಪಾ, ನಮ್ಮೂರಲ್ಲಿ ಕೇರಿ ಎಲ್ಲಿದೆ?’ ಪ್ರತಿ ಬೇಸಿಗೆ ಊರಿಗೆ ಹೋಗುವವನು, ಇವನಿಗೆ ತಕ್ಷಣ ಹೇಳಲು ಆಗಲಿಲ್ಲ. ಅಮ್ಮನಿಗೆ ಫೋನು ಮಾಡಿದ. ಕೆರೆ ಕೋಡಿಯಿಂದಾಚೆ, ಕೆಳಗಡೆ ಹೊಲಕ್ಕೆ ಹೋಗುವ ದಾರಿಯಲ್ಲಿ ಎಂದು ಅವರು ಹೇಳಿದರಂತೆ. ಹೇಳಿ, ‘ಯಾಕೋ, ಈಗ್ಯಾಕದು?’ ಅಂದರಂತೆ.