ತ್ಯಾಜ್ಯದಿಂದ ವಿದ್ಯುತ್ ಸ್ಥಾವರಗಳಲ್ಲಿ ಕ್ರೇನ್‌ಗಳ ನಿರ್ವಹಣೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸಂಬಂಧಿಸಿದ ಅಂಶಗಳು

ಬೆಂಗಳೂರು ನಗರದ ಘನತ್ಯಾಜ್ಯದ ಭಾರವನ್ನು ಸುತ್ತಲಿನ ಗ್ರಾಮಗಳು ದೀರ್ಘಕಾಲದಿಂದ ಹೊತ್ತಿರುವುದು ಸಾರ್ವಜನಿಕರಿಗೆ ತಿಳಿದ ವಿಷಯವಾಗಿದೆ. ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಿತು. ಹೊಸಕೋಟೆಗೆ ಸಮೀಪದ ಮಂಡೂರಿನಲ್ಲಿ ಗ್ರಾಮಸ್ಥರ ಹೋರಾಟದ ನಂತರ 2014ರಲ್ಲಿ ಇದೇ ತೀರ್ಮಾನವಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿಯ ಸಂಸ್ಕರಣಾ ಘಟಕದ ವಿರುದ್ಧ 2021ರಲ್ಲಿ ಸುತ್ತಲಿನ ಗ್ರಾಮಗಳ ನಿವಾಸಿಗಳು ಪ್ರತಿಭಟಿಸಿದರು.

ಕರ್ನಾಟಕ ವಿದ್ಯುತ್ ನಿಗಮ ಹಾಗೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಹಯೋಗದಲ್ಲಿ ಬಿಡದಿಯಲ್ಲಿ ಕೈಗೊಳ್ಳಲಾದ ಸ್ಥಾವರಕ್ಕೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. ಇದನ್ನು ದಿನಕ್ಕೆ 600 ಟನ್ ತ್ಯಾಜ್ಯ ದಹಿಸಿ 11.5 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸಲು ರೂಪಿಸಲಾಗಿದೆ. ಸ್ಥಾವರವು ಈ ಜಿಲ್ಲೆಯ ಹೊರಗಿದ್ದರೂ ಅದರ ಕಾರ್ಯಕ್ಷಮತೆ ಜಿಲ್ಲೆಗೆ ಸಂಬಂಧಿಸಿದ್ದೇ ಆಗಿದೆ. ಅಲ್ಲಿ ಉರಿಯದ ಕಸ ಬೇರೆಲ್ಲಿಗಾದರೂ ಹೋಗಲೇಬೇಕು.

ಇಂತಹ ಸ್ಥಾವರಗಳ ಬಗ್ಗೆ ಚರ್ಚೆ ನಡೆದಾಗ ಕುಲುಮೆ ಮತ್ತು ಹೊಗೆಯ ಕಡೆಗೆ ಗಮನ ಹರಿಯುತ್ತದೆ. ಆದರೆ ಸ್ಥಾವರದ ದಿನನಿತ್ಯದ ಓಟ ನಿಂತಿರುವುದು ಅಷ್ಟಾಗಿ ಯಾರೂ ವಿಚಾರಿಸದ ಗ್ರ್ಯಾಬ್ ಕ್ರೇನ್‌ನ ಮೇಲೆ. ಲಾರಿಗಳು ತಂದ ಕಸವು ಬಂಕರ್ ಎಂದು ಕರೆಯಲಾಗುವ ಆಳವಾದ ಕಾಂಕ್ರೀಟ್ ಗುಂಡಿಯಲ್ಲಿ ಶೇಖರವಾಗುತ್ತದೆ. ಕ್ರೇನ್ ಅದನ್ನು ಉಕ್ಕಿನ ಪಂಜದಿಂದ ಎತ್ತಿ, ಹಸಿ ಒಣಗಳನ್ನು ಬೆರೆಸಿ, ಕುಲುಮೆಯ ಬಾಯಿಗೆ ಹಾಕುತ್ತದೆ. ಒಂದು ಎತ್ತಿಗೆ 2 ಟನ್ ಎಂದು ಎಣಿಸಿದರೂ 600 ಟನ್ನಿಗೆ ದಿನಕ್ಕೆ 300 ಎತ್ತುಗಳು, ಅಂದರೆ ಹಗಲು ರಾತ್ರಿ ಸರಿಸುಮಾರು 5 ನಿಮಿಷಕ್ಕೊಂದು. ಬೆರೆಸುವ ಕೆಲಸ ಇದರಲ್ಲಿ ಸೇರಿಲ್ಲ. ಕುಲುಮೆಯ ಬಾಯಿಯಲ್ಲಿ ತುಂಬಿದ ಕಸವೇ ಹೊರಗಿನ ಗಾಳಿಗೆ ತಡೆಯಾಗಿರುವುದರಿಂದ, ಪೂರೈಕೆ ತಪ್ಪಿದಲ್ಲಿ ಬೆಂಕಿ ಹಿಮ್ಮುಖವಾಗಿ ಮೇಲೇರುವ ಅಪಾಯವೂ ಉಂಟು.

ಬಂಕರಿನೊಳಗಿನ ತೇವ ಮತ್ತು ಕೊಳೆತ ಕಸದ ಅನಿಲಗಳಿಂದ ವಿದ್ಯುತ್ ಸಂಪರ್ಕಗಳು ತುಕ್ಕು ಹಿಡಿಯುತ್ತವೆ. ಉಕ್ಕಿನ ಹಗ್ಗದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಕಟ್ಟಡದ ಭಗ್ನಾವಶೇಷ ಪಂಜದ ದಳಗಳನ್ನು ಬಗ್ಗಿಸುತ್ತದೆ. ದೊಡ್ಡಬಳ್ಳಾಪುರದಂತಹ ವಿದ್ಯುತ್ ಮಗ್ಗಗಳ ಊರಿನವರಿಗೆ ಇನ್ನೊಂದು ತೊಂದರೆಯನ್ನು ವಿವರಿಸಬೇಕಾಗಿಲ್ಲ: ಕಸದಲ್ಲಿ ಬಂದ ನೂಲು, ಹಳೆಯ ಸೀರೆಗಳು ಕತ್ತರಿಸುವ ಯಂತ್ರದ ದಂಡಕ್ಕೆ ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ ಕೈಯಿಂದಲೇ ಬಿಡಿಸಬೇಕಾಗುತ್ತದೆ.

ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕ್‌ನ ತಾಂತ್ರಿಕತೆಯಿಂದ ಸ್ಥಾಪಿಸಲಾದ 300 ಟನ್ ಸಾಮರ್ಥ್ಯದ ಸ್ಥಾವರವು ಅಲ್ಪಕಾಲದ ಪ್ರಾಯೋಗಿಕ ಚಾಲನೆಯಲ್ಲಿಯೇ ವಿಫಲವಾಯಿತು. ಒದಗಿಸಲಾದ ಕಸದಲ್ಲಿ ಉರಿಯಲು ಸಾಕಷ್ಟು ಶಾಖಮೌಲ್ಯವಿರಲಿಲ್ಲ. ಯಂತ್ರವನ್ನು ಕೊಳ್ಳಬಹುದು, ಕಸವನ್ನು ಮಾತ್ರ ಇಲ್ಲಿಯದನ್ನೇ ಬಳಸಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರತಿ ಕಿಲೋಗ್ರಾಂಗೆ 1500 ಕಿಲೋಕ್ಯಾಲೊರಿ ಅಥವಾ ಹೆಚ್ಚಿನ ಶಾಖಮೌಲ್ಯವಿರುವ, ಮರುಬಳಕೆಯಾಗದ ತ್ಯಾಜ್ಯವನ್ನು ಶಕ್ತಿ ಉತ್ಪಾದನೆಗೆ ಬಳಸುವಂತೆ ವಿಧಿಸಿದ್ದವು. ಮನೆಬಾಗಿಲಲ್ಲಿ ಹಸಿ ಕಸ ಬೇರ್ಪಟ್ಟರೆ ಕುಲುಮೆಗೂ ಅನುಕೂಲ, ಕ್ರೇನ್ ಎತ್ತುವ ನೀರಿನ ತೂಕವೂ ಕಡಿಮೆ.

ಉಳಿದ ಕ್ರಮಗಳು ಸಾಧಾರಣವಾದುವು: ಎರಡನೆಯ ಕ್ರೇನ್, ಸಿದ್ಧವಾಗಿರುವ ಹೆಚ್ಚುವರಿ ಪಂಜ, ಕಡಿದ ಎಳೆಗಳ ಎಣಿಕೆಯ ಆಧಾರದಲ್ಲಿ ಹಗ್ಗ ಬದಲಾವಣೆ, ಬಿಡಿಭಾಗಗಳ ದಾಸ್ತಾನು. ಆದರೆ ವೆಚ್ಚ ಕಡಿತದ ಸಂದರ್ಭದಲ್ಲಿ ಮೊದಲು ಕೈಬಿಡುವುದು ಸಾಮಾನ್ಯವಾಗಿ ಇವುಗಳನ್ನೇ. ಬಂಕರಿನಲ್ಲಿ ಕೆಲವು ದಿನಗಳ ಕಸಕ್ಕಷ್ಟೇ ಸ್ಥಳವಿರುತ್ತದೆ. ದುರಸ್ತಿ ಅದಕ್ಕಿಂತ ದೀರ್ಘವಾದಲ್ಲಿ ಲಾರಿಗಳನ್ನು ಬೇರೆಡೆಗೆ ತಿರುಗಿಸದೆ ಗತ್ಯಂತರವಿಲ್ಲ.

ಕರ್ನಾಟಕ ವಿದ್ಯುತ್ ನಿಗಮವು ಸರ್ಕಾರಿ ಸ್ವಾಮ್ಯದ ಸಂಸ್ಥೆಯಾದುದರಿಂದ ಮಾಹಿತಿ ಹಕ್ಕು ಅಧಿನಿಯಮ, 2005 ಅದಕ್ಕೆ ಅನ್ವಯಿಸುತ್ತದೆ. ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿದಲ್ಲಿ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಕ್ರೇನ್‌ಗಳು ತಿಂಗಳಿಗೆ ಎಷ್ಟು ಗಂಟೆ ಸ್ಥಗಿತಗೊಂಡವು, ಆ ಅವಧಿಯಲ್ಲಿ ಎಷ್ಟು ಲಾರಿಗಳನ್ನು ಯಾವ ಘಟಕಕ್ಕೆ ಕಳುಹಿಸಲಾಯಿತು ಎಂಬ ದಾಖಲೆಗಳನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಕೋರಬಹುದಾಗಿದೆ.